ಮ್ಯಾನ್ ಹುಡುಕಾಟದಲ್ಲಿ ಒಂದೇ ಪುಟ ಮತ್ತೆ ಮತ್ತೆ ಬರುತ್ತಿದೆ: ಸಿಮ್‌ಲಿಂಕ್‌ಗಳನ್ನು ಅಳಿಸಬಹುದೇ?

#1 – ಪ್ರಶ್ನೆ

ಡೆಬಿಯನ್ ಆಧಾರಿತ ಗಣಕವೊಂದರಲ್ಲಿ ಮ್ಯಾನ್ ಪುಟಗಳ (ಕಮಾಂಡುಗಳ ಕೈಪಿಡಿ ಪುಟಗಳ) ಒಳಗಿನ ಪಠ್ಯವನ್ನು ಹುಡುಕುವಾಗ ಒಂದೇ ಪುಟ ಹಲವು ಬಾರಿ ಎದುರಾಗುತ್ತಿದೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಮ್ಯಾನ್‌ನ ಎರಡು ಆಯ್ಕೆಗಳ ನಡುವೆ ಅಕ್ಷರದ ಗಾತ್ರವೊಂದೇ ವ್ಯತ್ಯಾಸವಾದ್ದರಿಂದ ಅವುಗಳನ್ನು ‘ಚಿಕ್ಕ ಕೆ’, ‘ದೊಡ್ಡ ಕೆ’ ಎಂದು ಕರೆದಿದ್ದೇನೆ.

ದೊಡ್ಡ ಕೆ ಆಯ್ಕೆಯೊಂದಿಗೆ ‘ಮೆಮ್‌ಲಿಮಿಟ್’ ಎಂಬ ಪದವನ್ನು ಹುಡುಕಿದರೆ ಕಡತಗಳನ್ನು ಸಂಕುಚಿಸುವ ಎಕ್ಸ್‌ಝಡ್ ಕಮಾಂಡಿನ ಪುಟ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಿದೊಡನೆ ಮುಂದಿನ ಪುಟವನ್ನು ನೋಡುವಿರೋ, ಬಿಡುವಿರೋ, ಹೊರಡುವಿರೋ ಎಂದು ಕೇಳುವ ಸಾಲು ಬರುತ್ತದೆ. ನೋಡುತ್ತೇನೆಂದರೆ ಬೇರೆ ಹೆಸರಿನಲ್ಲಿ ಅದೇ ಪುಟ ಮತ್ತೆ ತೆರೆಯುತ್ತದೆ. ಇದರ ಜೊತೆಗೆ ಡಬ್ಲ್ಯು ಆಯ್ಕೆಯನ್ನೂ ಕೊಟ್ಟು ಕಡತಗಳ ವಿಳಾಸವನ್ನಷ್ಟೇ ಮುದ್ರಿಸಲು ಹೇಳಿದಾಗ ಒಂದೇ ವಿಳಾಸ ಸಾಲುಸಾಲಾಗಿ ಬಂತು.

ಪುಟಗಳನ್ನು ಹುಡುಕುವ ಡೈರೆಕ್ಟರಿಗಳನ್ನು ತೋರಿಸುವ ಮ್ಯಾನ್‌ಪಾತ್ ಕಮಾಂಡ್ ಚಲಾಯಿಸಿದರೆ /ಯುಎಸ್‌ಆರ್/ಲೋಕಲ್/ಮ್ಯಾನ್, /ಯುಎಸ್‌ಆರ್/ಲೋಕಲ್/ಶೇರ್/ಮ್ಯಾನ್, /ಯುಎಸ್‌ಆರ್/ಶೇರ್/ಮ್ಯಾನ್ ಎಂಬ ಮೂರು ಡೈರೆಕ್ಟರಿಗಳು ಕಾಣುತ್ತವೆ. ಇವುಗಳಲ್ಲಿ ಮೊದಲನೆಯದು ಎರಡನೆಯದಕ್ಕೆ ಸಿಮ್‌ಲಿಂಕ್ (ಅದರತ್ತ ತೋರಿಸುವ ಇನ್ನೊಂದು ಹೆಸರು) ಆಗಿದೆ. ಪುನರಾವರ್ತನೆಗೆ ಇದೇ ಕಾರಣವೆಂದು ಊಹಿಸಿದ್ದೇನೆ. ಈ ಲಿಂಕನ್ನು ಅಳಿಸಿದರೆ ತೊಂದರೆಯೇನಾದರೂ ಆಗುತ್ತದೆಯೇ?

#2 – ಉತ್ತರ

ದಯವಿಟ್ಟು ಅಳಿಸಬೇಡಿ. ನೀವು ಬೆರಳು ತೋರಿಸಿರುವ ಲಿಂಕ್ ಈ ಪುನರಾವರ್ತನೆಗೆ ಕಾರಣವಾಗಿರುವ ಸಾಧ್ಯತೆ ಬಹಳ ಕಡಿಮೆ, ಏಕೆಂದರೆ ಎಕ್ಸ್‌ಝಡ್‌ನ ಪುಟ ಇರುವುದು /ಯುಎಸ್‌ಆರ್/ಶೇರ್/ಮ್ಯಾನ್ ಒಳಗೆ. /ಯುಎಸ್‌ಆರ್/ಲೋಕಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಕಾರಣ ಆ ಡೈರೆಕ್ಟರಿಯ ಒಳಗೇ ಇದೆ. ಎಕ್ಸ್‌ಝಡ್‌ನ ಒಂದೇ ಪುಟಕ್ಕೆ ಎಕ್ಸ್‌ಝಡ್, ಅನ್‌ಎಕ್ಸ್‌ಝಡ್, ಎಕ್ಸ್‌ಝಡ್‌ಕ್ಯಾಟ್, ಎಲ್‌ಝಡ್‌ಎಂಎ, ಅನ್‌ಎಲ್‌ಝಡ್‌ಎಂಎ, ಎಲ್‌ಝಡ್‌ಕ್ಯಾಟ್ ಎಂದು 6 ಹೆಸರುಗಳಿವೆ. ನಿಜವಾದ ಕಡತ ಒಂದೇ. ಉಳಿದ ಹೆಸರುಗಳೆಲ್ಲ ಅದರತ್ತ ತೋರಿಸುವ ಸಿಮ್‌ಲಿಂಕ್‌ಗಳು. ಡೆಬಿಯನ್‌ನಲ್ಲಿ ಎಲ್‌ಝಡ್‌ಎಂಎ ಬಳಗದ ಮೂರು ಹೆಸರುಗಳು ನೇರವಾಗಿ ಎಕ್ಸ್‌ಝಡ್‌ನ ಪುಟಕ್ಕೆ ಹೋಗುವುದೂ ಇಲ್ಲ. ಮೊದಲು /ಇಟಿಸಿ/ಆಲ್ಟರ್ನೇಟಿವ್ಸ್ ಒಳಗಿನ ಲಿಂಕಿಗೆ ಹೋಗಿ, ಅಲ್ಲಿಂದ ಎಕ್ಸ್‌ಝಡ್‌ನ ಪುಟಕ್ಕೆ ಬರುತ್ತವೆ. ಒಂದೇ ಕೆಲಸ ಮಾಡುವ ಎರಡು ಪ್ಯಾಕೇಜುಗಳಿದ್ದಾಗ ಯಾವುದರ ಕಮಾಂಡನ್ನೂ ಪುಟವನ್ನೂ ಬಳಸಬೇಕೆಂದು ಆರಿಸಲು ಡೆಬಿಯನ್ ಮಾಡಿಕೊಂಡಿರುವ ಏರ್ಪಾಡು ಅದು. ‘ಆಕ್’ ಎಂದು ಕೇಳಿದರೆ ‘ಎಂ-ಆಕ್’ ಪುಟ ಬರುವುದೂ ‘ವಿಐ’ ಎಂದರೆ ವಿಮ್‌ನ ಪುಟ ಬರುವುದೂ ಇದೇ ದಾರಿಯಲ್ಲಿ.

ಇನ್ನು, ಚಿಕ್ಕ ಕೆ ಮತ್ತು ದೊಡ್ಡ ಕೆ ಒಂದೇ ಹುಡುಕಾಟದ ಎರಡು ರೂಪಗಳಲ್ಲ. ಚಿಕ್ಕ ಕೆ ಎಂದರೆ ಅಪ್ರೊಪೊಸ್. ಅದು ಮೊದಲೇ ಸಿದ್ಧಪಡಿಸಿಟ್ಟ ಸೂಚಿಯಲ್ಲಿ ಪುಟದ ಹೆಸರು ಮತ್ತು ಒಂದು ಸಾಲಿನ ವಿವರಣೆಯನ್ನು ಮಾತ್ರ ನೋಡುತ್ತದೆ. ದೊಡ್ಡ ಕೆ ಪ್ರತಿಯೊಂದು ಪುಟದ ಮೂಲ ಕಡತವನ್ನು ತೆರೆದು, ಸಂಕುಚಿತವಾಗಿದ್ದರೆ ಬಿಡಿಸಿ, ಒಳಗಿನ ಪಠ್ಯವನ್ನೆಲ್ಲ ಜಾಲಾಡುತ್ತದೆ. ಡೈರೆಕ್ಟರಿಯಲ್ಲಿ ಕಾಣುವ ಒಂದೊಂದು ಹೆಸರನ್ನೂ ಅದು ಒಂದೊಂದು ಪುಟವೆಂದೇ ಎಣಿಸಿದರೆ ಒಂದು ಕಡತಕ್ಕೆ 6 ಹೆಸರಿದ್ದಲ್ಲಿ 6 ಫಲಿತಾಂಶ ಬರುತ್ತದೆ. ವಿಳಾಸ ಮುದ್ರಿಸುವಾಗ ಮಾತ್ರ ಲಿಂಕಿನ ಕೊನೆಯ ಗುರಿಯನ್ನು ಬರೆಯುವುದರಿಂದ ನಿಮಗೆ ಒಂದೇ ವಿಳಾಸ ಸಾಲುಸಾಲಾಗಿ ಕಂಡಿದೆ.

ಇದನ್ನು ನೀವೇ ಪರೀಕ್ಷಿಸಬಹುದು. ಫೈಂಡ್ ಕಮಾಂಡಿಗೆ ದೊಡ್ಡ ಎಲ್ ಆಯ್ಕೆಯನ್ನು ಕೊಟ್ಟು, ಡೈರೆಕ್ಟರಿಯಾಗಿ /ಯುಎಸ್‌ಆರ್/ಶೇರ್/ಮ್ಯಾನ್ ಎಂದು ಸೂಚಿಸಿ, ‘ಸೇಮ್‌ಫೈಲ್’ ಪರೀಕ್ಷೆಗೆ ಎಕ್ಸ್‌ಝಡ್ ಪುಟದ ಪೂರ್ಣ ವಿಳಾಸವನ್ನು ಕೊಡಿ. ಆ ಕಡತವನ್ನು ತಲುಪುವ ಎಲ್ಲ ಹೆಸರುಗಳೂ ಪಟ್ಟಿಯಾಗಿ ಬರುತ್ತವೆ. ದೊಡ್ಡ ಎಲ್ ಕೊಡದಿದ್ದರೆ ಫೈಂಡ್ ಲಿಂಕ್‌ಗಳನ್ನು ಹಿಂಬಾಲಿಸುವುದಿಲ್ಲ, ಆಗ ಒಂದೇ ಹೆಸರು ಕಾಣುತ್ತದೆ.

#3 – ಪ್ರಶ್ನೆ ಕೇಳಿದವರು

ಪರೀಕ್ಷಿಸಿದೆ, ನೀವು ಹೇಳಿದ ಹೆಸರುಗಳೇ ಬಂದವು. ಧನ್ಯವಾದಗಳು. ಆದರೂ ಒಂದು ಸಂದೇಹ ಉಳಿದಿದೆ. ಮ್ಯಾನ್‌ಪಾತ್ ಒಂದೇ ಡೈರೆಕ್ಟರಿಯನ್ನು ಎರಡು ಹೆಸರಿನಲ್ಲಿ ತೋರಿಸುತ್ತಿರುವಾಗ /ಯುಎಸ್‌ಆರ್/ಲೋಕಲ್ ಒಳಗಿನ ಪುಟಗಳಾದರೂ ಎರಡೆರಡು ಬಾರಿ ಬರಬೇಕಲ್ಲವೇ?

#4 – ಮತ್ತೊಬ್ಬ ಸದಸ್ಯರ ಉತ್ತರ

ಬರಬೇಕು ಎಂದು ತೋರುವುದು ಸಹಜ, ಬರುವುದಿಲ್ಲ.

ಆ ಲಿಂಕ್ ಅಲ್ಲಿರುವುದು ಆಕಸ್ಮಿಕವಲ್ಲ. ಲಿನಕ್ಸ್ ವಿತರಣೆಗಳು ಅನುಸರಿಸುವ ಕಡತವ್ಯವಸ್ಥೆಯ ಶ್ರೇಣಿ ಮಾನದಂಡ, ಅಂದರೆ ಎಫ್‌ಎಚ್‌ಎಸ್, /ಯುಎಸ್‌ಆರ್/ಲೋಕಲ್/ಮ್ಯಾನ್ ಮತ್ತು /ಯುಎಸ್‌ಆರ್/ಲೋಕಲ್/ಶೇರ್/ಮ್ಯಾನ್ ಎರಡೂ ಒಂದೇ ಆಗಿರಬೇಕೆಂದು ವಿಧಿಸುತ್ತದೆ. ಸಾಮಾನ್ಯವಾಗಿ ಒಂದನ್ನು ಇನ್ನೊಂದಕ್ಕೆ ಸಿಮ್‌ಲಿಂಕ್ ಮಾಡಿ ಇದನ್ನು ಪಾಲಿಸುತ್ತಾರೆ. ಹಳೆಯ ಸಾಫ್ಟ್‌ವೇರ್‌ಗಳ ಅನುಸ್ಥಾಪನಾ ಕಡತಗಳು ‘ಶೇರ್’ ಇಲ್ಲದ ವಿಳಾಸಕ್ಕೆ ಪುಟಗಳನ್ನು ಹಾಕುತ್ತವೆ, ಹೊಸವು ‘ಶೇರ್’ ಇರುವ ವಿಳಾಸಕ್ಕೆ ಹಾಕುತ್ತವೆ. ಎರಡೂ ಒಂದೇ ಜಾಗ ಸೇರಲೆಂಬುದು ಉದ್ದೇಶ.

ಡೆಬಿಯನ್, ಉಬುಂಟು, ಫೆಡೋರಾ, ಆರ್ಚ್ ಮುಂತಾದವು ಬಳಸುವ, ಮ್ಯಾನ್ ಕಮಾಂಡನ್ನು ಒದಗಿಸುವ ಮ್ಯಾನ್-ಡಿಬಿ ಸಾಫ್ಟ್‌ವೇರ್‌ಗೆ ಈ ಸಂಗತಿ ಗೊತ್ತು. ಹುಡುಕಬೇಕಾದ ಡೈರೆಕ್ಟರಿಗಳ ಪಟ್ಟಿಯನ್ನು ಕೈಗೆತ್ತಿಕೊಂಡಾಗ ಅದು ಪ್ರತಿಯೊಂದರ ಲಿಂಕ್ ಬಿಡಿಸಿ ನೋಡುತ್ತದೆ, ಬಿಡಿಸಿದ ವಿಳಾಸವೂ ಪಟ್ಟಿಯಲ್ಲಿದ್ದರೆ ಲಿಂಕ್ ಆಗಿರುವುದನ್ನು ಕೈಬಿಡುತ್ತದೆ. ಮ್ಯಾನ್‌ಪಾತ್ ಕಮಾಂಡ್ ಮುದ್ರಿಸುವುದು ಹೀಗೆ ಸೋಸುವುದಕ್ಕೆ ಮುಂಚಿನ ಪಟ್ಟಿಯನ್ನು. ಹಾಗಾಗಿ ಅದರ ಫಲಿತಾಂಶವನ್ನು ಕಂಡು ಪುನರಾವರ್ತನೆಯ ಕಾರಣವನ್ನು ತೀರ್ಮಾನಿಸಲಾಗದು.

ಅಪ್ರೊಪೊಸ್‌ನಲ್ಲಿ ಇನ್ನೊಂದು ತಡೆಯೂ ಇದೆ: ಹೆಸರು ಮತ್ತು ವಿಭಾಗ (ಪುಟದ ವರ್ಗವನ್ನು ಹೇಳುವ ಸಂಖ್ಯೆ) ಎರಡೂ ಒಂದೇ ಆಗಿರುವ ಸಾಲನ್ನು ಒಮ್ಮೆ ತೋರಿಸಿದ ಮೇಲೆ ಮತ್ತೊಮ್ಮೆ ತೋರಿಸುವುದಿಲ್ಲ. ಆದರೆ ಹೆಸರು ಬೇರೆಯಾಗಿದ್ದು ವಿವರಣೆ ಒಂದೇ ಆಗಿದ್ದರೆ ಎಲ್ಲವನ್ನೂ ತೋರಿಸುತ್ತದೆ. ‘ಕಂಪ್ರೆಸ್’ ಎಂದು ಹುಡುಕಿದರೆ ಎಕ್ಸ್‌ಝಡ್ ಬಳಗವೆಲ್ಲ ಒಂದೇ ವಿವರಣೆಯೊಂದಿಗೆ ಬರುವುದು ಇದರಿಂದ. ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಪುಟದ ಆರಂಭದಲ್ಲಿರುವ ‘ನೇಮ್’ ಭಾಗದಲ್ಲಿ ಬರೆದವರೇ ಆ ಹೆಸರುಗಳನ್ನೆಲ್ಲ ಅಲ್ಪವಿರಾಮ ಹಾಕಿ ಪಟ್ಟಿ ಮಾಡಿದ್ದಾರೆ. ಹುಡುಕುವವರಿಗೆ ಬೇಕಾದದ್ದೂ ಕಮಾಂಡುಗಳ ಹೆಸರುಗಳೇ.

#5 – ಇನ್ನೊಂದು ಅಭಿಪ್ರಾಯ

ಅಪ್ರೊಪೊಸ್ ವಿಷಯದಲ್ಲಿ ಒಪ್ಪುತ್ತೇನೆ. ದೊಡ್ಡ ಕೆ ವಿಷಯದಲ್ಲಿ ಆ ವಾದ ನಿಲ್ಲದು. ಪಠ್ಯದೊಳಗೆ ಹುಡುಕುವವರಿಗೆ ಬೇಕಾದದ್ದು ಪಠ್ಯ. ಒಂದೇ ಪಠ್ಯವನ್ನು ಆರು ಹೆಸರಿನಲ್ಲಿ ಎದುರಿಗೆ ಹಿಡಿದರೆ ಅದು ಕಾಟವಲ್ಲದೆ ಮತ್ತೇನು? ಓಪನ್‌ಎಸ್‌ಎಸ್‌ಎಲ್‌ನ ಅಭಿವೃದ್ಧಿ ದಾಖಲೆಗಳನ್ನು ಸ್ಥಾಪಿಸಿಕೊಂಡಿರುವವರು ಒಮ್ಮೆ ಹುಡುಕಿ ನೋಡಲಿ. ಅಲ್ಲಿ ಹತ್ತಾರು ಫಂಕ್ಷನ್‌ಗಳಿಗೆ ಒಂದೇ ಪುಟ ಇರುತ್ತದೆ, ಒಂದೊಂದು ಫಂಕ್ಷನ್ ಹೆಸರಿಗೂ ಒಂದೊಂದು ಲಿಂಕ್ ಇರುತ್ತದೆ.

ಮ್ಯಾನ್-ಡಿಬಿಯನ್ನು ರೂಪಿಸುವವರಿಗೂ ಇದು ಮನವರಿಕೆಯಾಗಿರಬೇಕು, ಏಕೆಂದರೆ ಇತ್ತೀಚಿನ ಆವೃತ್ತಿಗಳಲ್ಲಿ ಒಂದೇ ಪುಟವನ್ನು ತಲುಪುವ ಫಲಿತಾಂಶಗಳನ್ನು ದೊಡ್ಡ ಕೆ ಒಂದಾಗಿಸುತ್ತದೆ. ಪ್ರಶ್ನೆ ಕೇಳಿದವರ ಗಣಕದಲ್ಲಿ ಹಳೆಯ ಆವೃತ್ತಿ ಇರುವಂತಿದೆ. ಹೊಸದಕ್ಕೆ ಬದಲಾಯಿಸುವುದು ಸಾಧ್ಯವಿದ್ದರೆ ಅದೇ ಸರಳ ಪರಿಹಾರ. ಸಾಧ್ಯವಿಲ್ಲದಿದ್ದರೆ ದೊಡ್ಡ ಕೆ ಮತ್ತು ಡಬ್ಲ್ಯು ಆಯ್ಕೆಗಳನ್ನು ಒಟ್ಟಿಗೆ ಕೊಟ್ಟು, ಬಂದ ಪಟ್ಟಿಯನ್ನು ಪೈಪ್ ಮೂಲಕ ಸಾರ್ಟ್ ಕಮಾಂಡಿಗೆ ಯು ಆಯ್ಕೆಯೊಂದಿಗೆ ಕಳುಹಿಸಿ. ಲಿಂಕ್‌ಗಳೆಲ್ಲ ಗುರಿಯ ವಿಳಾಸವಾಗಿ ಬಿಡಿಸಿಕೊಂಡೇ ಬರುವುದರಿಂದ ಒಂದು ಪುಟಕ್ಕೆ ಒಂದೇ ಸಾಲು ಉಳಿಯುತ್ತದೆ.

ಇನ್ನೊಂದು ಮಾತು. ದೊಡ್ಡ ಕೆ ಹುಡುಕುವುದು ಪರದೆಯ ಮೇಲೆ ಕಾಣುವ ಪಠ್ಯವನ್ನಲ್ಲ, ಪುಟ ವಿನ್ಯಾಸದ ಟ್ರಾಫ್ ಭಾಷೆಯಲ್ಲಿರುವ ಮೂಲವನ್ನು. ಅಲ್ಲಿ ಅಡ್ಡಗೆರೆಯ ಹಿಂದೆ ಬಹಳಷ್ಟು ಬಾರಿ ಬ್ಯಾಕ್‌ಸ್ಲ್ಯಾಶ್ ಇರುತ್ತದೆ. ಆದ್ದರಿಂದ ಎರಡು ಅಡ್ಡಗೆರೆಯೊಂದಿಗೆ ಆಯ್ಕೆಯ ಪೂರ್ತಿ ಹೆಸರನ್ನು ಹುಡುಕಿದರೆ ಕಣ್ಣೆದುರಿಗಿರುವ ಪುಟವೂ ಸಿಗದೆ ಹೋಗಬಹುದು. ಬರಿಯ ಪದವನ್ನು ಹುಡುಕುವುದು ಲೇಸು. ಎಸ್ ಆಯ್ಕೆಯಿಂದ ವಿಭಾಗದ ಸಂಖ್ಯೆಯನ್ನೂ ಸೂಚಿಸಿದರೆ ಕಾಯುವ ಹೊತ್ತು ಬಹಳ ಕಡಿಮೆಯಾಗುತ್ತದೆ.

#6 – ಸಲಹೆ

ಇಷ್ಟೆಲ್ಲ ಏಕೆ? ಮ್ಯಾನ್ ಡೈರೆಕ್ಟರಿಯೊಳಗಿನ ಸಿಮ್‌ಲಿಂಕ್‌ಗಳನ್ನೆಲ್ಲ ಫೈಂಡ್‌ನಿಂದ ಒಮ್ಮೆಗೇ ಅಳಿಸಿ, ಸೂಚಿಯನ್ನು ಹೊಸದಾಗಿ ಕಟ್ಟಿದರೆ ಮುಗಿಯಿತು. ನಿಜವಾದ ಕಡತಗಳು ಹೇಗೂ ಉಳಿದಿರುತ್ತವೆ.

#7 – #2ರಲ್ಲಿ ಉತ್ತರಿಸಿದವರು

#6ರ ಸಲಹೆಯನ್ನು ಯಾರೂ ಅನುಸರಿಸಬಾರದೆಂದು ಕೋರುತ್ತೇನೆ. ಮೊದಲನೆಯದಾಗಿ, ಆ ಲಿಂಕ್‌ಗಳಲ್ಲಿ ಹೆಚ್ಚಿನವು ಪ್ಯಾಕೇಜುಗಳಿಗೆ ಸೇರಿದವು. ನೀವು ಅಳಿಸಿದರೂ ಆ ಪ್ಯಾಕೇಜಿನ ಮುಂದಿನ ನವೀಕರಣದೊಂದಿಗೆ ಮರಳಿ ಬರುತ್ತವೆ, ಅಲ್ಲಿಯವರೆಗೆ ಗಣಕದ ಸ್ಥಿತಿಯೂ ಪ್ಯಾಕೇಜು ವ್ಯವಸ್ಥೆಯ ದಾಖಲೆಯೂ ಹೊಂದುವುದಿಲ್ಲ. ಆಲ್ಟರ್ನೇಟಿವ್ಸ್‌ನ ಲಿಂಕ್‌ಗಳಿಗಂತೂ ಪ್ರತ್ಯೇಕ ದಾಖಲೆ ಇರುತ್ತದೆ. ಅವುಗಳನ್ನು ಕೈಯಿಂದ ಮುಟ್ಟುವುದು ಸರಿಯಲ್ಲ.

ಎರಡನೆಯದು ಸ್ವಲ್ಪ ಸೂಕ್ಷ್ಮ. ಅನ್‌ಎಕ್ಸ್‌ಝಡ್‌ನ ಲಿಂಕ್ ಅಳಿಸಿದ ಮೇಲೂ ‘ಮ್ಯಾನ್ ಅನ್‌ಎಕ್ಸ್‌ಝಡ್’ ಎಂದು ಕೇಳಿದರೆ ಪುಟ ಬಂದರೂ ಬರಬಹುದು. ಮ್ಯಾನ್-ಡಿಬಿ ತನ್ನ ಸೂಚಿಯಲ್ಲಿ ‘ನೇಮ್’ ಭಾಗದ ಎಲ್ಲ ಹೆಸರುಗಳನ್ನೂ ಬರೆದಿಟ್ಟುಕೊಳ್ಳುತ್ತದೆ, ಕಡತ ಸಿಗದಿದ್ದರೂ ಆ ಹೆಸರಿನ ಮೂಲಕ ಮೂಲ ಪುಟವನ್ನು ತಲುಪಬಲ್ಲದು. ಇದನ್ನು ಕಂಡು ಲಿಂಕ್ ಬೇಡವೇ ಬೇಡ ಎಂದು ಕೆಲವರು ನಿರ್ಧರಿಸಿಬಿಡುತ್ತಾರೆ. ಆದರೆ ಸೂಚಿ ಇಲ್ಲದಿದ್ದಾಗ ಅಥವಾ ಹಳತಾಗಿದ್ದಾಗ ಈ ದಾರಿ ಮುಚ್ಚಿಹೋಗುತ್ತದೆ. ಎಲ್ಲ ಹೆಸರುಗಳನ್ನೂ ‘ನೇಮ್’ ಭಾಗದಲ್ಲಿ ಬರೆಯದ ಪುಟಗಳಿಗೆ ಈ ದಾರಿ ಮೊದಲಿನಿಂದಲೂ ಇಲ್ಲ.

ಡೆಬಿಯನ್‌ನಲ್ಲಿ ಲಿಂಕ್‌ಗಳು ಇಷ್ಟೊಂದು ಕಾಣುವುದಕ್ಕೂ ಕಾರಣವಿದೆ. ಒಂದು ಪುಟಕ್ಕೆ ಎರಡನೆಯ ಹೆಸರು ಕೊಡುವ ಹಳೆಯ ಪದ್ಧತಿಯೆಂದರೆ, ಆ ಹೆಸರಿನ ಕಡತದಲ್ಲಿ ‘ಡಾಟ್ ಎಸ್‌ಒ’ ಎಂಬ ಒಂದೇ ಸಾಲನ್ನು ಬರೆದು ಮೂಲ ಪುಟದ ವಿಳಾಸವನ್ನು ಸೂಚಿಸುವುದು. ಲಿನಕ್ಸ್ ಮ್ಯಾನ್-ಪೇಜಸ್ ಯೋಜನೆಯಲ್ಲಿ ‘ಕ್ರಿಯೇಟ್’ ಕರೆಯ ಪುಟ ಹೀಗೆಯೇ ‘ಓಪನ್’ ಪುಟವನ್ನು ಸೂಚಿಸುತ್ತದೆ. ಡೆಬಿಯನ್ ಪ್ಯಾಕೇಜು ಕಟ್ಟುವಾಗ ಬಳಸುವ ಡಿಎಚ್_ಇನ್‌ಸ್ಟಾಲ್‌ಮ್ಯಾನ್ ಉಪಕರಣವು ಇಂಥ ಕಡತಗಳನ್ನು ಕಂಡರೆ ಅವುಗಳನ್ನು ಸಿಮ್‌ಲಿಂಕ್ ಆಗಿ ಪರಿವರ್ತಿಸುತ್ತದೆ. ಹಾಗಾಗಿ ಬೇರೆ ವಿತರಣೆಯಲ್ಲಿ ಒಂದು ಸಾಲಿನ ಕಡತವಾಗಿ ಉಳಿದಿರುವುದು ಇಲ್ಲಿ ಲಿಂಕ್ ಆಗಿ ಎದುರಾಗಬಹುದು.

#8 – ಪ್ರಶ್ನೆ ಕೇಳಿದವರು

ಸಾರ್ಟ್ ಉಪಾಯದಿಂದ ಕೆಲಸವಾಯಿತು. ಆದರೆ ಹೊಸದೊಂದು ಸಂಗತಿ ಗಮನಕ್ಕೆ ಬಂದಿದೆ. ಮೂಲದಿಂದ ಕಂಪೈಲ್ ಮಾಡಿದ ಒಂದು ಉಪಕರಣವನ್ನು, ಪ್ರತ್ಯೇಕ ಡೈರೆಕ್ಟರಿಯಲ್ಲಿಟ್ಟ ಕಡತಗಳಿಗೆ /ಯುಎಸ್‌ಆರ್/ಲೋಕಲ್ ಒಳಗಿಂದ ಲಿಂಕ್ ಕೊಡುವ ಗ್ನೂ ಸ್ಟೋ ಬಳಸಿ ಸ್ಥಾಪಿಸಿದ್ದೇನೆ. ಅದರ ಪುಟಕ್ಕೆ ಬೇರೆ ಹೆಸರುಗಳೇ ಇಲ್ಲ. ಆದರೂ ಸಾರ್ಟ್‌ಗೆ ಕಳುಹಿಸದೆ ನೋಡಿದರೆ ಅದರ ಸಾಲು ಎರಡು ಬಾರಿ ಬರುತ್ತದೆ. ಮ್ಯಾನ್‌ಪಾತ್‌ನಲ್ಲಿ ಸ್ಟೋ ಡೈರೆಕ್ಟರಿಯೂ ಕಾಣಿಸುತ್ತಿದೆ. ನಾನು ಅದನ್ನು ಎಲ್ಲಿಯೂ ಸೇರಿಸಿಲ್ಲ.

#9 – #4ರಲ್ಲಿ ಉತ್ತರಿಸಿದವರು

ಮ್ಯಾನ್‌ಪಾತ್‌ನಲ್ಲಿ ನೀವು ಸೇರಿಸಿಲ್ಲ, ನಿಜ, ಪಾತ್‌ನಲ್ಲಿ, ಅಂದರೆ ಕಮಾಂಡುಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯಲ್ಲಿ, ಸೇರಿಸಿರಬೇಕು. ಸ್ಟೋ ಒಳಗಿನ ಆ ಉಪಕರಣದ ಬಿನ್ ಡೈರೆಕ್ಟರಿಯನ್ನು ಪಾತ್ ಚರಾಂಶಕ್ಕೆ ಹಾಕಿದ್ದೀರಾ ಎಂದು ನೋಡಿ. ಮ್ಯಾನ್‌ಪಾತ್ ಚರಾಂಶವನ್ನು ನೀವಾಗಿ ಕೊಡದಿದ್ದಾಗ ಮ್ಯಾನ್-ಡಿಬಿ ಪಾತ್‌ನಿಂದಲೇ ಪುಟಗಳ ಜಾಗವನ್ನು ಕಂಡುಕೊಳ್ಳುತ್ತದೆ. ಡೆಬಿಯನ್‌ನಲ್ಲಿ /ಇಟಿಸಿ/ಮ್ಯಾನ್‌ಪಾತ್ ಡಾಟ್ ಕಾನ್ಫಿಗ್, ಫೆಡೋರಾ ಮತ್ತು ಆರ್ಚ್‌ನಲ್ಲಿ /ಇಟಿಸಿ/ಮ್ಯಾನ್_ಡಿಬಿ ಡಾಟ್ ಕಾನ್ಫ್ ಎಂಬ ಕಡತದಲ್ಲಿ ‘ಮ್ಯಾನ್‌ಪಾತ್_ಮ್ಯಾಪ್’ ಎಂಬ ಸಾಲುಗಳಿರುತ್ತವೆ. ಯಾವ ಬಿನ್ ಡೈರೆಕ್ಟರಿಗೆ ಯಾವ ಮ್ಯಾನ್ ಡೈರೆಕ್ಟರಿ ಎಂದು ಅಲ್ಲಿ ಬರೆದಿರುತ್ತದೆ. ಪಾತ್‌ನಲ್ಲಿರುವ ಡೈರೆಕ್ಟರಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದರ ಒಳಗೂ ಪಕ್ಕದಲ್ಲೂ ‘ಮ್ಯಾನ್’ ಅಥವಾ ‘ಶೇರ್/ಮ್ಯಾನ್’ ಇದೆಯೇ ಎಂದು ನೋಡಿ, ಇದ್ದರೆ ಸೇರಿಸಿಕೊಳ್ಳುತ್ತದೆ. ನಿಮ್ಮ ಸ್ಟೋ ಡೈರೆಕ್ಟರಿ ಪಟ್ಟಿಗೆ ಬಂದಿರುವುದು ಈ ದಾರಿಯಲ್ಲಿ.

ಈಗ #4ರಲ್ಲಿ ಹೇಳಿದ ಸೋಸುವಿಕೆ ಇಲ್ಲಿ ಏಕೆ ನೆರವಾಗುವುದಿಲ್ಲ ಎಂಬುದನ್ನು ನೋಡೋಣ. ಸೋಸುವಾಗ ಹೋಲಿಸುವುದು ಮೇಲ್ಮಟ್ಟದ ಡೈರೆಕ್ಟರಿಗಳನ್ನು ಮಾತ್ರ. /ಯುಎಸ್‌ಆರ್/ಲೋಕಲ್/ಶೇರ್/ಮ್ಯಾನ್ ಒಂದು ನಿಜವಾದ ಡೈರೆಕ್ಟರಿ, ಸ್ಟೋ ಒಳಗಿನ ಶೇರ್/ಮ್ಯಾನ್ ಇನ್ನೊಂದು ನಿಜವಾದ ಡೈರೆಕ್ಟರಿ. ಲಿಂಕ್ ಇರುವುದು ಅವುಗಳ ಕೆಳಗೆ, ಪುಟದ ಮಟ್ಟದಲ್ಲಿ ಅಥವಾ ‘ಮ್ಯಾನ್1’ ಉಪಡೈರೆಕ್ಟರಿಯ ಮಟ್ಟದಲ್ಲಿ. ಸ್ಟೋ ಸಾಧ್ಯವಾದಷ್ಟು ಕಡಿಮೆ ಲಿಂಕ್‌ಗಳಿಂದ ಕೆಲಸ ಮುಗಿಸಲು ನೋಡುತ್ತದೆ: ಒಂದು ಉಪಡೈರೆಕ್ಟರಿಯೊಳಗೆ ಒಂದೇ ಪ್ಯಾಕೇಜಿನ ಕಡತಗಳಿದ್ದರೆ ಇಡೀ ಉಪಡೈರೆಕ್ಟರಿಯನ್ನೇ ಲಿಂಕ್ ಮಾಡುತ್ತದೆ, ಎರಡನೆಯ ಪ್ಯಾಕೇಜು ಬಂದಾಗ ಅದನ್ನು ಬಿಡಿಸಿ ನಿಜವಾದ ಡೈರೆಕ್ಟರಿ ಮಾಡಿ ಒಳಗೆ ಬಿಡಿಬಿಡಿ ಲಿಂಕ್‌ಗಳನ್ನು ಇಡುತ್ತದೆ. ಹೀಗಾಗಿ ಲಿಂಕ್ ಯಾವ ಮಟ್ಟದಲ್ಲಿದೆ ಎಂಬುದು ಒಂದೇ ಗಣಕದಲ್ಲೂ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಹೋಂಬ್ರೂ, ನಿಕ್ಸ್ ಮುಂತಾದ ಪ್ಯಾಕೇಜು ವ್ಯವಸ್ಥೆಗಳು ಕೂಡ ತಮ್ಮ ಭಂಡಾರದಲ್ಲಿ ಪುಟವನ್ನಿಟ್ಟು, ಹೊರಗಿನ ಒಂದು ಸಾಮಾನ್ಯ ಡೈರೆಕ್ಟರಿಯಿಂದ ಅದಕ್ಕೆ ಲಿಂಕ್ ಕೊಡುತ್ತವೆ. ಭಂಡಾರದ ವಿಳಾಸವನ್ನು ಪಾತ್‌ಗೆ ಸೇರಿಸದಿರುವವರೆಗೆ ಯಾವ ತೊಂದರೆಯೂ ಇಲ್ಲ.

ನಿಮ್ಮ ವಿಷಯದಲ್ಲಿ ಪರಿಹಾರ ಇಷ್ಟೆ: ಪಾತ್‌ನಿಂದ ಸ್ಟೋ ಒಳಗಿನ ಬಿನ್ ಡೈರೆಕ್ಟರಿಯನ್ನು ತೆಗೆದುಹಾಕಿ. /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಅದೇ ಕಮಾಂಡಿಗೆ ಸ್ಟೋ ಲಿಂಕ್ ಇಟ್ಟಿರುವುದರಿಂದ ಏನೂ ತಪ್ಪಿಹೋಗುವುದಿಲ್ಲ.

ಮ್ಯಾನ್‌ಪಾತ್ ಚರಾಂಶವನ್ನು ಕೈಯಿಂದ ಬರೆದು ಸರಿಪಡಿಸಲು ಹೋಗುವವರು ಅಪೂರ್ಣವಿರಾಮದ (:) ಅರ್ಥವನ್ನು ತಿಳಿದಿರಬೇಕು. ಮೌಲ್ಯದ ಆರಂಭದಲ್ಲಿ ಆ ಚಿಹ್ನೆಯಿದ್ದರೆ ನೀವು ಬರೆದದ್ದಕ್ಕೆ ಮೊದಲು, ಕೊನೆಯಲ್ಲಿದ್ದರೆ ಅದರ ನಂತರ, ನಡುವೆ ಒತ್ತಾಗಿ ಎರಡಿದ್ದರೆ ಆ ಜಾಗದಲ್ಲಿ ವ್ಯವಸ್ಥೆಯ ಸಹಜ ಪಟ್ಟಿ ಸೇರಿಕೊಳ್ಳುತ್ತದೆ. ಇವು ಯಾವುವೂ ಇಲ್ಲದಿದ್ದರೆ ನೀವು ಬರೆದದ್ದಷ್ಟೇ ಪಟ್ಟಿ. ಹೊಸ ವಿಳಾಸ ಬರೆದು, ಅಪೂರ್ಣವಿರಾಮ ಹಾಕಿ, ಹಳೆಯ ಮ್ಯಾನ್‌ಪಾತ್ ಮೌಲ್ಯವನ್ನು ಜೋಡಿಸುವ ಸಾಲು ಅನೇಕರ ಬ್ಯಾಶ್ ಸಂರಚನೆಯಲ್ಲಿ ಇರುತ್ತದೆ. ಹಳೆಯ ಮೌಲ್ಯ ಖಾಲಿಯಿದ್ದಾಗ ಕೊನೆಯಲ್ಲಿ ಬರಿಯ ಚಿಹ್ನೆ ಉಳಿಯುವುದರಿಂದಲೇ ಅದು ನಡೆಯುತ್ತಿದೆ ಎಂಬುದು ಬರೆದವರಿಗೂ ಎಷ್ಟೋ ಬಾರಿ ತಿಳಿದಿರುವುದಿಲ್ಲ.

#10 – ಸೇರ್ಪಡೆ

ಆಲ್ಪೈನ್ ಮತ್ತು ವಾಯ್ಡ್ ವಿತರಣೆಗಳನ್ನು ಬಳಸುವವರಿಗೆ ಒಂದು ಟಿಪ್ಪಣಿ. ಅಲ್ಲಿ ಮ್ಯಾನ್-ಡಿಬಿಯ ಬದಲು ಮ್ಯಾನ್‌ಡಾಕ್ ಇರುತ್ತದೆ. ಅದು ಹುಡುಕುವ ಡೈರೆಕ್ಟರಿಗಳ ಪಟ್ಟಿಯನ್ನು ಕಟ್ಟುವಾಗಲೇ ವಿಳಾಸಗಳ ಲಿಂಕ್ ಬಿಡಿಸಿ, ಈಗಾಗಲೇ ಇರುವುದನ್ನು ಬಿಟ್ಟುಬಿಡುತ್ತದೆ. ಸೂಚಿ ಕಟ್ಟುವ ಮೇಕ್‌ವಾಟ್ಈಸ್ ಕಮಾಂಡ್ ಕಡತಗಳನ್ನು ಐನೋಡ್ ಸಂಖ್ಯೆಯಿಂದ (ಕಡತವ್ಯವಸ್ಥೆ ಪ್ರತಿ ಕಡತಕ್ಕೆ ಕೊಡುವ ಸಂಖ್ಯೆಯಿಂದ) ಗುರುತಿಸುವುದರಿಂದ ಹಾರ್ಡ್ ಲಿಂಕ್‌ಗಳೂ (ಒಂದೇ ಐನೋಡ್‌ಗಿರುವ ಹಲವು ಹೆಸರುಗಳೂ) ಒಂದೇ ಪುಟದ ಬೇರೆ ಬೇರೆ ಹೆಸರುಗಳಾಗಿ ಸೇರುತ್ತವೆ. ತನ್ನ ಡೈರೆಕ್ಟರಿಯ ಹೊರಗೆ ಹೋಗುವ ಲಿಂಕ್‌ಗಳ ವಿಷಯದಲ್ಲಿ ಮಾತ್ರ ಅದು ಬಿಗಿ. ಸ್ಟೋ ಬಳಸುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

#11 – #5ರಲ್ಲಿ ಬರೆದವರು

ಮ್ಯಾನ್ ಕಮಾಂಡನ್ನೇ ಬಿಟ್ಟು ಸ್ವಂತ ಸ್ಕ್ರಿಪ್ಟ್‌ನಿಂದ ಹುಡುಕುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಗ್ರೆಪ್‌ನ ಚಿಕ್ಕ ಆರ್ ಆಯ್ಕೆ ಡೈರೆಕ್ಟರಿಯೊಳಗೆ ಇಳಿಯುವಾಗ ಎದುರಾಗುವ ಲಿಂಕ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ, ದೊಡ್ಡ ಆರ್ ಆಯ್ಕೆ ಎಲ್ಲವನ್ನೂ ಹಿಂಬಾಲಿಸುತ್ತದೆ. ಪುಟಗಳು ಜಿಝಿಪ್‌ನಿಂದ ಸಂಕುಚಿತವಾಗಿರುವುದರಿಂದ ಬರಿಯ ಗ್ರೆಪ್ ನೆರವಾಗದು. ಝಡ್‌ಗ್ರೆಪ್ ಬೇಕು, ಅದಕ್ಕೆ ಡೈರೆಕ್ಟರಿಯೊಳಗೆ ಇಳಿಯಲು ಬಾರದು. ಆದ್ದರಿಂದ ಫೈಂಡ್‌ಗೆ ‘ಟೈಪ್ ಎಫ್’ ಎಂದು ಹೇಳಿ ನಿಜವಾದ ಕಡತಗಳನ್ನಷ್ಟೇ ಆರಿಸಿ, ಅವುಗಳನ್ನು ಝಡ್‌ಗ್ರೆಪ್‌ಗೆ ಒಪ್ಪಿಸುವುದು ಒಳ್ಳೆಯದು. ಸಿಮ್‌ಲಿಂಕ್‌ಗಳು ತಾವಾಗಿ ಹೊರಗುಳಿಯುತ್ತವೆ. ‘ಡಾಟ್ ಎಸ್‌ಒ’ ಕಡತಗಳಲ್ಲಿ ಒಂದೇ ಸಾಲು ಇರುವುದರಿಂದ ಅವೂ ಫಲಿತಾಂಶದಲ್ಲಿ ಬರುವುದಿಲ್ಲ. ಉಳಿಯುವುದು ಹಾರ್ಡ್ ಲಿಂಕ್‌ಗಳು. ಅವುಗಳನ್ನೂ ತಡೆಯಬೇಕೆಂದರೆ ಫೈಂಡ್‌ನಿಂದ ಸಾಧನ ಸಂಖ್ಯೆ ಮತ್ತು ಐನೋಡ್ ಸಂಖ್ಯೆಯನ್ನು ವಿಳಾಸದ ಮುಂದೆ ಮುದ್ರಿಸಿ, ಆ ಮೊದಲ ಅಂಕಣದ ಮೇಲೆ ಸಾರ್ಟ್‌ನ ಯು ಆಯ್ಕೆಯನ್ನು ಬಳಸಬೇಕು.

ಒಂದು ಎಚ್ಚರಿಕೆ: ಫೈಂಡ್ ಅನುವಾದಗಳ ಉಪಡೈರೆಕ್ಟರಿಗಳಿಗೂ ಇಳಿಯುತ್ತದೆ. ಜರ್ಮನ್ ಅಥವಾ ಫ್ರೆಂಚ್ ಪುಟ ಸಿಕ್ಕರೆ ಅದನ್ನು ನಕಲು ಎಂದು ಭಾವಿಸಬಾರದು; ಅದು ಬೇರೆಯೇ ಕಡತ. ಬೇಡವಾದರೆ ‘ಮ್ಯಾನ್1’ರಂಥ ವಿಭಾಗದ ಡೈರೆಕ್ಟರಿಗಳನ್ನಷ್ಟೇ ಸೂಚಿಸಿ.

#12 – ಪ್ರಶ್ನೆ ಕೇಳಿದವರು

ಹಳೆಯ ಆವೃತ್ತಿಯೊಂದನ್ನು ಪರೀಕ್ಷಿಸುವಾಗ ಪ್ರೊಫೈಲ್ ಕಡತದಲ್ಲಿ ಪಾತ್‌ಗೆ ಸೇರಿಸಿದ್ದ ಸ್ಟೋ ವಿಳಾಸ ಅಲ್ಲೇ ಉಳಿದಿತ್ತು. ಅದನ್ನು ತೆಗೆದು ಹೊಸದಾಗಿ ಲಾಗಿನ್ ಆದ ಮೇಲೆ ಆ ಉಪಕರಣದ ಪುಟ ಒಮ್ಮೆ ಮಾತ್ರ ಬರುತ್ತಿದೆ. ಎಕ್ಸ್‌ಝಡ್ ಬಳಗಕ್ಕೆ ಸದ್ಯ ಸಾರ್ಟ್ ಉಪಾಯವನ್ನೇ ಬಳಸುತ್ತೇನೆ, ಈ ಗಣಕದ ವಿತರಣೆಯನ್ನು ಬದಲಾಯಿಸುವ ಅಧಿಕಾರ ನನಗಿಲ್ಲ. ಸೂಚಿಯನ್ನು ಮತ್ತೆ ಕಟ್ಟಬೇಕೇ?

#13 – #4ರಲ್ಲಿ ಉತ್ತರಿಸಿದವರು

ದೊಡ್ಡ ಕೆ ಹುಡುಕಾಟಕ್ಕಾಗಿ ಬೇಕಿಲ್ಲ. ಅಪ್ರೊಪೊಸ್‌ಗಾಗಿ ಬೇಕೆನಿಸಿದರೆ ಮ್ಯಾನ್‌ಡಿಬಿ ಕಮಾಂಡನ್ನು ಸಿ ಆಯ್ಕೆಯೊಂದಿಗೆ ರೂಟ್ ಆಗಿ ಚಲಾಯಿಸಬಹುದು; ಅದು ಸೂಚಿಯನ್ನು ಮೊದಲಿನಿಂದ ಕಟ್ಟುತ್ತದೆ. ಡೆಬಿಯನ್‌ನಲ್ಲಿ ಪ್ಯಾಕೇಜು ಬದಲಾದಾಗಲೂ ಪ್ರತಿದಿನದ ಟೈಮರ್ ಮೂಲಕವೂ ಸೂಚಿ ತಾನಾಗಿ ನವೀಕರಣಗೊಳ್ಳುವುದರಿಂದ ರೂಟ್ ಅಧಿಕಾರ ಇಲ್ಲದವರು ಒಂದು ದಿನ ಕಾದರೂ ಸಾಕು. ಮ್ಯಾನ್‌ಡಿಬಿಯನ್ನು ಟಿ ಆಯ್ಕೆಯೊಂದಿಗೆ ಚಲಾಯಿಸಿದರೆ ಸೂಚಿಯನ್ನು ಮುಟ್ಟದೆ ಪುಟಗಳನ್ನಷ್ಟೇ ಪರಿಶೀಲಿಸುತ್ತದೆ. ಸ್ಟೋನಿಂದ ಹಳೆಯ ಆವೃತ್ತಿಯನ್ನು ಸರಿಯಾಗಿ ಬಿಡಿಸದೆ ಅದರ ಡೈರೆಕ್ಟರಿಯನ್ನೇ ಅಳಿಸಿದ್ದರೆ ಗುರಿಯಿಲ್ಲದ ಲಿಂಕ್‌ಗಳು ಉಳಿದಿರುತ್ತವೆ; ಅಳಿಸಬಹುದಾದ ಸಿಮ್‌ಲಿಂಕ್‌ಗಳು ಏನಾದರೂ ಇದ್ದರೆ ಅವು ಮಾತ್ರ.